ಸತ್ಯಾಂಶ: ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಮಗುವನ್ನು ಕಿತ್ತುಕೊಂಡು ಹೋಗ್ತಾರಾ?

‘ಪಕ್ಕದ ಮನೆಯವರು ಮಗುವನ್ನು ಸರಿಯಾಗಿ ನೋಡಿಕೊಳ್ಳದಿದ್ದರೂ 1098ಕ್ಕೆ ಫೋನ್ ಮಾಡಬೇಡಿ. ಮಗುವನ್ನು ಅನಾಥಾಶ್ರಮಕ್ಕೆ ಹಾಕ್ತಾರೆ, ತಂದೆತಾಯಿ ಜೈಲಿಗೆ ಹೋಗ್ತಾರೆ.’ ವಾಟ್ಸಾಪ್‌ನಲ್ಲಿ ಸುತ್ತುವ ಈ ಮಾತು ತಪ್ಪು.

2015ರ ಬಾಲನ್ಯಾಯ ಕಾಯ್ದೆ ಹೇಳುವುದು ಹೆಚ್ಚುಕಮ್ಮಿ ಇದಕ್ಕೆ ಉಲ್ಟಾ. ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಮನೆಯವರದ್ದೇ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಅದನ್ನು ಫೋನ್ ಎತ್ತಿದವರು ತೀರ್ಮಾನಿಸುವುದಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ವಿಚಾರಣೆ ಮಾಡಿ ನಿರ್ಧರಿಸುತ್ತದೆ. ಮೇಲ್ವಿಚಾರಣೆ ಇಟ್ಟು ಮಗುವನ್ನು ತಂದೆತಾಯಿಗೇ ಒಪ್ಪಿಸಲೂಬಹುದು.

ಶಿಕ್ಷೆ ಇಲ್ಲವೇ ಇಲ್ಲ ಎಂದಲ್ಲ. ಬೇಕಂತಲೇ ಮಗುವನ್ನು ಕಡೆಗಣಿಸಿ ನರಳಿಸಿದರೆ 75ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು. ಆದರೆ ಕೈಮೀರಿದ ಕಷ್ಟದಿಂದ ಹೆತ್ತವರು ಮಗುವನ್ನು ತೊರೆದಿದ್ದರೆ ಅದನ್ನು ಅಪರಾಧ ಎನ್ನುವುದಿಲ್ಲ.

ಬಡತನವೇ ಬೇರೆ, ಕಡೆಗಣನೆಯೇ ಬೇರೆ. ಹರಿದ ಅಂಗಿ ಹಾಕಿದ ಮಗುವಿಗೆ ಮನೆಯಲ್ಲಿ ಬೇಕಾದಷ್ಟು ಪ್ರೀತಿ ಸಿಗುತ್ತಿರಬಹುದು, ಅಲ್ವಾ? ನೋಡಬೇಕಾದ್ದು ಬೇರೆ. ತಿಂಗಳುಗಟ್ಟಲೆ ಹೊಟ್ಟೆಗಿಲ್ಲ, ಜ್ವರ ಬಂದರೂ ಆಸ್ಪತ್ರೆಯಿಲ್ಲ, ಪುಟ್ಟ ಮಗು ದಿನವಿಡೀ ಒಂಟಿ, ಅತ್ತರೂ ಯಾರೂ ಓಗೊಡುವುದಿಲ್ಲ. ಹೊಡೆತದ ಗಾಯ ಕಾಣದಿದ್ದರೂ ಇದು ಬೆಳವಣಿಗೆಗೆ ಪೆಟ್ಟು ಕೊಡುತ್ತದೆ.

ಇಂಥ ಮನೆಗೆ ಬರೀ ಬುದ್ಧಿವಾದ ಹೇಳಿದರೆ ಸಾಲದು. ತಾಯಿಗೆ ಖಿನ್ನತೆ, ಅಪ್ಪನಿಗೆ ಕುಡಿತದ ಚಟ ಇದ್ದರೆ ಮೊದಲು ಅದಕ್ಕೇ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಿದ್ದರೆ ತೊಂದರೆ ಬೇಗ ಗೊತ್ತಾಗುತ್ತದೆ. ಅರ್ಹ ಕುಟುಂಬದ ಮಗುವಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.