ಹಂಪಿನ ಆರ್‌ಸಿ ಎಲ್ಲಿ ಸಾರ್?

ನಮ್ ಫ್ರೆಂಡ್ ಒಬ್ನ ಹತ್ರ ಹಳೇ ಹೋಂಡಾ ಸಿಟಿ ವಿಟೆಕ್ ಇದೆ, 1.5 ಲೀಟರ್ ಇಂಜಿನ್ನು, 106 ಎಚ್‌ಪಿ, ಬೆಂಗಳೂರಲ್ಲಿ ಆ ಗಾಡಿ ಅಂದ್ರೆ ಈಗ್ಲೂ ಪ್ರಾಣ ಬಿಡೋರಿದಾರೆ. ಇವ್ನು ಅದಕ್ಕೆ ಜೋರಾಗಿ ಸೌಂಡ್ ಬರೋ ಫ್ರೀ ಫ್ಲೋ ಎಕ್ಸಾಸ್ಟ್ ಹಾಕ್ಸಿ, ಇಂಜಿನ್ನು ಜಾಸ್ತಿ ಗಾಳಿ ಎಳೀಲಿ ಅಂತ ಕೋನ್ ಫಿಲ್ಟರ್ ಕೂರ್ಸಿ, ಸ್ಪ್ರಿಂಗ್ ಬದಲಾಯಿಸಿ ಗಾಡೀನ ನೆಲಕ್ಕೆ ಇಳ್ಸಿದಾನೆ. ತಪ್ಪಾ? ತಪ್ಪೇ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪ್ನಿ ಹೆಂಗ್ ಕೊಟ್ಟಿದೆಯೋ ಹಂಗೇ ಇರ್ಬೇಕು, 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೂ ಓನರ್‌ಗೆ 5,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಟೈಮ್ ಕೆಟ್ಟಿದ್ರೆ ಎರಡೂ.

ಸಿಗ್ನಲ್ಲಲ್ಲಿ ಸಾಹೇಬ್ರು ಕೈ ಅಡ್ಡ ಹಾಕಿದ್ರು.

"ಏನಪ್ಪಾ ಇಷ್ಟೊಂದ್ ಸೌಂಡು?"

"ಸಾರ್, ಮೀಟರ್ ಹಿಡ್ದು ನೋಡಿ ಸಾರ್, ಎಷ್ಟ್ ಡೆಸಿಬಲ್ ಬರತ್ತೆ ಅಂತ."

"ಮೀಟರ್ ಯಾಕೋ, ನಂಗೆ ಕಿವಿ ಇಲ್ವಾ? ರೇಸ್ ಮಾಡ್ತೀಯಾ ರೇಸು?"

ರೇಸು! 2022ರಲ್ಲಿ ಟಾಮ್‌ಟಾಮ್ ಅನ್ನೋ ಮ್ಯಾಪ್ ಕಂಪ್ನಿಯೋರು ಟ್ರಾಫಿಕ್ ಲೆಕ್ಕ ಹಾಕಿದಾಗ ಈ ಊರಿನ ಸೆಂಟರಲ್ಲಿ 10 ಕಿಲೋಮೀಟರ್ ಹೋಗಕ್ಕೆ 29 ನಿಮಿಷ ಬೇಕಾಗಿತ್ತು. ಅಷ್ಟ್ರಲ್ಲೇ ಪಕ್ಕದಲ್ಲಿ ಒಂದು ನೀರಿನ ಟ್ಯಾಂಕರ್ರು, ಹಿಂದೆ ಲೈಟಿಲ್ಲ, ನಂಬರ್ ಪ್ಲೇಟ್ ಮೇಲೆ ಮಣ್ಣು, ಕಿವಿ ಕಿತ್ತೋಗೋ ಹಾರ್ನು, ಆರಾಮಾಗಿ ಹೋಯ್ತು, ಸಾಹೇಬ್ರ ಕಿವಿಗೆ ಕೇಳಿಸ್ಲೇ ಇಲ್ಲ. ಅದರ ಹಿಂದೆ ಪಕ್ಷದ ಬಾವುಟ ಹಾಕ್ಕೊಂಡು ಗ್ಲಾಸೆಲ್ಲಾ ಕಪ್ಪು ಮಾಡ್ಕೊಂಡಿರೋ ದೊಡ್ಡ ಗಾಡಿ. ಕಪ್ಪು ಫಿಲ್ಮ್ ಅಂಟಿಸಂಗಿಲ್ಲ ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಸಾಹೇಬ್ರು ಕೈ ಎತ್ತಿದ್ರು, ನಿಲ್ಸಕ್ಕಲ್ಲ, ಸೆಲ್ಯೂಟ್ ಹೊಡಿಯಕ್ಕೆ.

ಸರಿ ಬಿಡಿ. ಗಾಡಿ ಮಾಡಿಫೈ ಮಾಡಿದ್ರೆ ದಂಡ, ಒಪ್ಪಣ, ಆದ್ರೆ ರೋಡ್ ಮಾಡಿಫೈ ಮಾಡಿದೋರಿಗೆ? ರೋಡ್ ಹೆಂಗಿರ್ಬೇಕು ಅಂತ ಅಳತೆ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪು ಅಂದ್ರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮೆತ್ತಗೆ ಹತ್ತಿ ಮೆತ್ತಗೆ ಇಳೀಬೇಕು. ನಮ್ ಏರಿಯಾದ ಹಂಪು ಯಾರದೋ ಮನೆ ಮೋಲ್ಡಿಂಗಲ್ಲಿ ಉಳಿದ ಕಾಂಕ್ರೀಟಲ್ಲಿ ರಾತ್ರೋರಾತ್ರಿ ಹುಟ್ಟಿದ್ದು, ಬಿಳಿ ಪಟ್ಟಿ ಇಲ್ಲ, ಬೋರ್ಡಿಲ್ಲ, ಮೊಳಕಾಲುದ್ದ ಇದೆ. ಇವ್ನು ಗಾಡೀನ ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸ್ತಾನೆ, ಆದ್ರೂ ತಳ ಗರ್ರ್ ಅನ್ನತ್ತೆ, ಹಿಂದೆ ಬರೋ ಶೋರೂಮ್ ಗಾಡೀದೂ ಗರ್ರ್ ಅನ್ನತ್ತೆ. ಹಂಪಿಗೆ 5,000ದಂಗೆ ವಸೂಲಿ ಮಾಡಿದ್ರೆ ಇನ್ನೊಂದು ಮೆಟ್ರೋ ಲೈನ್ ಎಳೀಬಹುದು, ಆದ್ರೆ ಚಲನ್ ಯಾರ ಹೆಸ್ರಿಗೆ ಬರೀತೀರಾ?

ಇವ್ನ ಹೆಸ್ರಿಗಂತೂ ಬರೆದ್ರು. ಕಟ್ಟಿದ್ಯೇನೋ ಅಂದೆ. "ಯಾಕ್ ಮಗಾ ಅರ್ಜೆಂಟು, 2023ರಲ್ಲಿ ಫಿಫ್ಟಿ ಪರ್ಸೆಂಟ್ ಡಿಸ್ಕೌಂಟ್ ಕೊಟ್ಟಿದ್ರು, ಆಮೇಲೂ ಕೊಟ್ರು, ಆಷಾಢ ಸೇಲ್ ಥರ ಮತ್ತೆ ಬರತ್ತೆ ಬಿಡು" ಅಂದ.