ಹುಲ್ಲು ನೋಡೋಕೆ ಹೋದ ಸಾಕ್ಸು

ಹಾಸನದಿಂದ 60 ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೆ ಹೋಗಿ ಹುಲ್ಲು ನೋಡಿಕೊಂಡು ಬರ್ತೀನಿ ಅಂದಾಗ ಅತ್ತೆ ಕೇಳಿದ್ದು ಒಂದೇ ಮಾತು. "ಯಾಕೆ ಅಳಿಯಂದ್ರೇ, ನಮ್ಮ ಹಿತ್ತಲಲ್ಲಿ ಇಲ್ವಾ?" ಹೊರಡುವ ಹೊತ್ತಿಗೆ ಮಾತ್ರ ಕಾರಿನ ಮುಂದಿನ ಸೀಟಿನಲ್ಲಿ ಅವರೇ ಕೂತಿದ್ದರು. ಕಾಲಿಗೆ ಹವಾಯಿ ಚಪ್ಪಲಿ.

ಮುಳ್ಳಯ್ಯನಗಿರಿ ಕಡೆ ಹುಲ್ಲುಗಾವಲಿನಲ್ಲಿ ಬೆಳಗಿನ ನಡಿಗೆ, ಜೊತೆಗೆ ಗಿಡಮರ ಬಲ್ಲ ಒಬ್ಬ ನಿವೃತ್ತ ಮೇಷ್ಟ್ರು. ನನ್ನ ತಯಾರಿಯೆಲ್ಲ ರಕ್ತ ಹೀರುವ ಉಂಬಳದ ವಿರುದ್ಧ. ಹೊಗೆಸೊಪ್ಪು, ಸುಣ್ಣ, ಉಪ್ಪಿನ ಪೊಟ್ಟಣ, ಮಂಡಿವರೆಗೆ ಎಳೆಯುವ ಹೊಸ ಉಣ್ಣೆ ಸಾಕ್ಸು. ಯುದ್ಧಕ್ಕೆ ಹೊರಟವನ ಹಾಗಿದ್ದೆ.

1,930 ಮೀಟರ್ ಎತ್ತರದ ಬೆಟ್ಟ. ರಾಜ್ಯದಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಮರ ಇರೋದು ಬೆಟ್ಟದ ಮಡಿಕೆಗಳಲ್ಲಿ ಮಾತ್ರ, ಅದೇ ಶೋಲಾ ಕಾಡು. ಗಾಳಿಗೆ ಎದೆಯೊಡ್ಡಿದ ಕಡೆಯೆಲ್ಲ ಬರೀ ಹುಲ್ಲು. "ಖಾಲಿ ಜಾಗ ಅನ್ಕೊಂಡು ನೀಲಗಿರಿಯಲ್ಲಿ ಬ್ರಿಟಿಷರು ಹೊರಗಿನ ಅಕೇಶಿಯಾ ತಂದು ನೆಟ್ಟರು, ಹುಲ್ಲು ಹೋಯ್ತು. ಖಾಲಿ ಅಲ್ಲ ಸಾರ್ ಇದು. ಮಳೆ ನೀರು ಹಿಡಿದಿಟ್ಟು ಹಳ್ಳಕ್ಕೆ ಬಿಡೋದೇ ಈ ಹುಲ್ಲು" ಅಂದರು ಮೇಷ್ಟ್ರು. ಅತ್ತೆ ಸುತ್ತಲೂ ನೋಡಿ ನಿಟ್ಟುಸಿರು ಬಿಟ್ಟರು. "ಇಷ್ಟೊಂದು ಹುಲ್ಲಿದೆ, ಒಂದು ಹಸು ಇಲ್ವಲ್ಲ!"

ಮುಂದೆ ಒಂದು ಪೊದೆ. "ಇದೇ ಗುರಿಗೆ ಗಿಡ, ನೀಲಕುರಿಂಜಿ ಅಂತಾರಲ್ಲ, ಅದು" ಅಂದರು ಮೇಷ್ಟ್ರು. ನಾನು ಫೋನ್ ತೆಗೆದೆ. ಹೂವೆಲ್ಲಿ? "12 ವರ್ಷಕ್ಕೊಮ್ಮೆ ಬಿಡುತ್ತೆ, ಈ ವರ್ಷ ಅಲ್ಲ." ಸುಮ್ನೆ ಹಸಿರು ಪೊದೆಯದೇ ನಾಲ್ಕು ಫೋಟೋ ತೆಗೆದೆ.

ಉಂಬಳ? ಒಂದೂ ಹತ್ತಲಿಲ್ಲ. ಅವು ಕಾಡಿನ ನೆರಳಲ್ಲಿದ್ದವು, ನಾವು ಬಿಸಿಲಲ್ಲಿದ್ದೆವು. ಆದರೆ ಕಾಲು ಚುರುಗುಟ್ಟತೊಡಗಿತು. ಪ್ಯಾಂಟ್ ಎತ್ತಿ ನೋಡಿದರೆ ಸಾಕ್ಸು ಮುಳ್ಳುಹಂದಿ ಆಗಿತ್ತು. ಬಾಲ ಇರುವ ಸಣ್ಣ ಕಂದು ಹುಲ್ಲುಬೀಜಗಳು, ನೂರಾರು.

ಮೇಷ್ಟ್ರಿಗೆ ಖುಷಿಯೋ ಖುಷಿ. ಒಂದನ್ನು ಕಿತ್ತು ನನ್ನ ಅಂಗೈಮೇಲಿಟ್ಟು ಒಂದು ಹನಿ ನೀರು ಬಿಟ್ಟರು. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಬಾಲ ನಿಧಾನಕ್ಕೆ ತಿರುಗತೊಡಗಿತು, ಗಡಿಯಾರದ ಮುಳ್ಳಿನ ಹಾಗೆ! ಒಣಗಿದರೆ ಬಾಲ ಹುರಿಗೊಳ್ಳುತ್ತೆ, ನೆಂದರೆ ಹುರಿ ಬಿಚ್ಚುತ್ತೆ. ಹಾಗೆ ತಿರುಗ್ತಾ ತಿರುಗ್ತಾ ಬೀಜ ಮಣ್ಣೊಳಗೆ ಬೋರ್ ಕೊರೆದುಕೊಂಡು ಹೋಗುತ್ತಂತೆ. ಮೊನೆಯಲ್ಲಿ ಹಿಂದಕ್ಕೆ ಬಾಗಿದ ರೋಮ ಬೇರೆ, ಒಳಗೆ ಹೋದದ್ದು ವಾಪಸ್ ಬರಲ್ಲ. ಪಾಪ, ಅದಕ್ಕೆ ಉಣ್ಣೆಗೂ ಮಣ್ಣಿಗೂ ವ್ಯತ್ಯಾಸ ಗೊತ್ತಿಲ್ಲ.

ಇಳಿಯುವಾಗ ಮಂಜು ಬಂತು, ಸಾಕ್ಸು ನೆನೆಯಿತು. ಕಾರಿನಲ್ಲಿ ಹೀಟರ್ ಹಾಕಿದೆ, ಒಣಗಿತು. ಬೇಲೂರು ದಾಟೋವರೆಗೂ ಕೊರೆತ ನಡೆದೇ ಇತ್ತು. ಹವಾಯಿ ಚಪ್ಪಲಿಯ ಅತ್ತೆ ಆರಾಮಾಗಿ ನಿದ್ದೆ ಹೊಡೆದರು. ಅವರ ಕಾಲಿಗೆ ಒಂದು ಬೀಜವೂ ಹತ್ತಿರಲಿಲ್ಲ.

ಸಂಜೆ ಸಾಕ್ಸು ಮಡಿಲಲ್ಲಿಟ್ಟುಕೊಂಡು, ಹೇರ್‌ಪಿನ್‌ನಿಂದ ಒಂದೊಂದೇ ಕಿತ್ತವರೂ ಅವರೇ. ಮುಗಿದ ಮೇಲೆ ಎಲ್ಲವನ್ನೂ ಕಾಗದಕ್ಕೆ ಬಳಿದುಕೊಂಡು ಎದ್ದರು.

"ಹಿತ್ತಲಿಗೆ ಎಸೆದು ಬರ್ತೀನಿ ಅಳಿಯಂದ್ರೇ. ಮುಂದಿನ ವರ್ಷ ಇಲ್ಲೇ ನೋಡ್ಕೊಳ್ಳಿ."