ಆರು ಸೆಕೆಂಡಿನಲ್ಲಿ ನೂರು, ನೂರು ನಿಮಿಷದಲ್ಲಿ ಆರು

ನನ್ನ ಷಡ್ಡಕ ಕಾರು ತೆಗೆದುಕೊಂಡಿದ್ದಾನೆ. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಅಥವಾ ತಂಗಿಯ ಗಂಡ ಎನ್ನುತ್ತದೆ ನಿಘಂಟು. ಅದನ್ನು ಬರೆದವರಿಗೆ ಷಡ್ಡಕ ಇರಲಿಲ್ಲವೆಂದು ಕಾಣುತ್ತದೆ. ಮಾವನ ಮನೆಯ ಹಬ್ಬದೂಟಕ್ಕೆ ಪಕ್ಕದ ಎಲೆಯಲ್ಲೇ ಕುಳಿತು, ನಾವು ಕೊಳ್ಳಲಾಗದ್ದನ್ನೆಲ್ಲ ತಾನು ಕೊಂಡು, ಅದರ ವಿವರವನ್ನು ನಮ್ಮ ಹೆಂಡತಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುವವನೇ ಷಡ್ಡಕ.

ಕಾರು ಜರ್ಮನಿಯ ಕಂಪನಿಯದು. ಪುಟ್ಟ ಐಷಾರಾಮಿ ಸ್ಪೋರ್ಟ್ಸ್ ಸೆಡಾನ್ ಎಂಬುದು ಅದರ ಜಾತಿ. ಪುಟ್ಟದು ಏಕೆಂದರೆ ಇದಕ್ಕಿಂತ ಉದ್ದದವು ಇನ್ನೂ ಇವೆ. ಐಷಾರಾಮಿ ಏಕೆಂದರೆ ಬೆಲೆ ಅರವತ್ತು ಲಕ್ಷ ದಾಟುತ್ತದೆ. ಸ್ಪೋರ್ಟ್ಸ್ ಏಕೆ ಎಂಬುದನ್ನು ಬೆಂಗಳೂರಿನ ರಸ್ತೆಗಳಲ್ಲಿ ನಾವಿಬ್ಬರೂ ಇನ್ನೂ ಹುಡುಕುತ್ತಿದ್ದೇವೆ.

ಈ ಜಾತಿಯಲ್ಲಿ ಹೆಸರುವಾಸಿಯಾದದ್ದು 1975ರಲ್ಲಿ ಹುಟ್ಟಿದ ಬಿಎಂಡಬ್ಲ್ಯು 3 ಸೀರೀಸ್. ಭಾರವನ್ನು ಮುಂದಿನ ಚಕ್ರಗಳಿಗೆ ಅರ್ಧ, ಹಿಂದಿನವಕ್ಕೆ ಅರ್ಧ ಎಂದು ಅಕ್ಕಸಾಲಿಗನಂತೆ ತೂಗಿ ಹಂಚುವುದು ಅದರ ಹೆಗ್ಗಳಿಕೆ. ಜರ್ಮನಿಯವರು ಇಂಥ ಕಾರುಗಳನ್ನು ನ್ಯೂರ್‌ಬರ್ಗ್‌ರಿಂಗ್ ಎಂಬ ಸುಮಾರು 21 ಕಿ.ಮೀ. ಉದ್ದದ, ಎಪ್ಪತ್ತಕ್ಕೂ ಹೆಚ್ಚು ತಿರುವುಗಳ ಪಥದಲ್ಲಿ ಓಡಿಸಿ ಹದ ಮಾಡುತ್ತಾರೆ. ಚಾಲಕನ ಕಾರು ಎಂದು ಹೆಸರು ಬಂದದ್ದು ಹಾಗೆ. ಭಾರತಕ್ಕೆ ಬಂದಾಗ ಏನಾಯಿತು? 2021ರಲ್ಲಿ ಅದೇ ಕಾರಿನ ಚಕ್ರಗಳ ನಡುವಿನ ಅಂತರವನ್ನು 110 ಮಿಲಿಮೀಟರ್ ಹಿಗ್ಗಿಸಿ, ಗ್ರಾನ್ ಲಿಮೊಸಿನ್ ಎಂದು ನಾಮಕರಣ ಮಾಡಿ, ಚೆನ್ನೈ ಬಳಿಯ ಕಾರ್ಖಾನೆಯಿಂದ ಹೊರಬಿಟ್ಟರು. ಹೆಚ್ಚಿಗೆ ಸಿಕ್ಕ ಜಾಗವೆಲ್ಲ ಹಿಂದಿನ ಸೀಟಿನವರ ಮೊಣಕಾಲಿಗೆ. ಯುರೋಪಿನಲ್ಲಿ ಚಾಲಕನ ಕಾರು, ನಮ್ಮಲ್ಲಿ ಚಾಲಕನನ್ನು ಇಟ್ಟುಕೊಂಡವರ ಕಾರು.

ಷಡ್ಡಕನ ಕಾರಿಗೆ ಪೂಜೆ ನಡೆದದ್ದು ಕಸ್ತೂರ್ಬಾ ರಸ್ತೆಯ ಟ್ರಾಫಿಕ್ ಗಣಪತಿಯ ಮುಂದೆ. ವಿಘ್ನನಿವಾರಕನಿಗೇ ಟ್ರಾಫಿಕ್ ಎಂಬ ಬಿರುದು ಅಂಟಿಕೊಂಡ ಊರು ಇದು. ಅರ್ಚಕರು ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ ಬರೆದರು. ಪೇಂಟಿಗೆ ಏನಾಗುತ್ತದೋ ಎಂದು ಷಡ್ಡಕ ಉಸಿರು ಬಿಗಿಹಿಡಿದು ನೋಡುತ್ತಿದ್ದ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ‘ಮುಂದಕ್ಕೆ ಬಿಡಿ’ ಎಂದರು. ನಾಲ್ಕೂ ಒಂದೇ ಏಟಿಗೆ ಅಪ್ಪಚ್ಚಿ. ಆ ಇಂಜಿನ್ನಿನ ಬಲ ನಗರದೊಳಗೆ ಸಾರ್ಥಕವಾದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ತೆರಿಗೆಯ ಮಾತು ಬೇಡವೆಂದುಕೊಂಡಿದ್ದೆ, ಆದರೆ ಕೈ ಕೇಳುತ್ತಿಲ್ಲ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ತಲೆಯ ಮೇಲೆ ಸೆಸ್. ಅರವತ್ತು ಲಕ್ಷಕ್ಕೆ ಲೆಕ್ಕ ಹಾಕಿದರೆ ಹತ್ತು ಲಕ್ಷದ ಎಂಬತ್ತು ಸಾವಿರ, ಸೆಸ್ ಬೇರೆ. ಆ ದುಡ್ಡಿಗೆ ನನ್ನಂಥವನ ಮನೆಗೆ ಇನ್ನೊಂದು ಕಾರೇ ಬರುತ್ತದೆ. ಜೀವಿತಾವಧಿ ಎಂದರೆ ಯಾರದು ಎಂಬ ಅನುಮಾನ ನನಗೆ ಇನ್ನೂ ಇದೆ. ರಸ್ತೆಯದಾದರೆ ಒಂದು ಮಳೆಗಾಲ. ಇದನ್ನು ತಪ್ಪಿಸಲು ಕೆಲವು ಜಾಣರು ಕಾರನ್ನು ಪುದುಚೇರಿಯಲ್ಲಿ ನೋಂದಾಯಿಸಿ ಇಲ್ಲಿ ಓಡಿಸುತ್ತಾರೆ. ಸಾರಿಗೆ ಇಲಾಖೆಯವರು ಆಗಾಗ ಹಿಡಿಯುತ್ತಾರೆ. ಹಿಡಿಯಲು ಬೆನ್ನಟ್ಟಬೇಕಾಗಿಲ್ಲ, ಎಲ್ಲರೂ ಸಿಗ್ನಲ್ಲಿನಲ್ಲೇ ನಿಂತಿರುತ್ತಾರೆ.

ದುಡ್ಡು ಕೊಟ್ಟವನಿಗೆ ಸಿಗುವುದು ಏನು ಎಂದು ಕೇಳಿದರೆ, ಎಲ್ಲರಿಗೂ ಸಿಗುವ ಅದೇ ಗುಂಡಿ. ಈ ನಾಡಿನಲ್ಲಿ ಸಮಾಜವಾದ ಇನ್ನೂ ಉಳಿದುಕೊಂಡಿರುವುದು ರಸ್ತೆಗುಂಡಿಗಳಲ್ಲಿ ಮಾತ್ರ. ಅಲ್ಲಿಯೂ ಕೊಂಚ ಪಕ್ಷಪಾತವಿದೆ ಎನ್ನಿ. ಗೂಡ್ಸ್ ಆಟೊ ಗುಂಡಿಗೆ ಇಳಿದು ಮೈ ಕೊಡವಿಕೊಂಡು ಮೇಲೇಳುತ್ತದೆ. ಸ್ಪೋರ್ಟ್ಸ್ ಕಾರಿನ ಟೈರಿನ ಪಕ್ಕೆಯೋ ಅಕ್ಕಿರೊಟ್ಟಿಯಷ್ಟು ತೆಳು. ಮೇಲಾಗಿ ಇಂಥ ಅನೇಕ ಕಾರುಗಳಲ್ಲಿ ಸ್ಟೆಪ್ನಿಯನ್ನೇ ಕೊಡುವುದಿಲ್ಲ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರು ಇರುವಾಗ ಸ್ಟೆಪ್ನಿ ಏಕೆ ಎಂಬುದು ಕಂಪನಿಗಳ ವಾದ. ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಡಿ ಇರುತ್ತದೆಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಇನ್ನು ಹಂಪ್ಸ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬುದೊಂದಿದೆ, ರಾಜಕೀಯ ಪಕ್ಷವಲ್ಲ, ಹೆದ್ದಾರಿ ಇಂಜಿನಿಯರುಗಳ ಸಂಸ್ಥೆ. ಉಬ್ಬು ಹೇಗಿರಬೇಕೆಂದು ಅದು ಬರೆದಿಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಇಳಿಜಾರು. ನಮ್ಮ ಬಡಾವಣೆಯಲ್ಲಿ ಉಬ್ಬು ಹಾಕಿದ ಮೇಸ್ತ್ರಿ ಈ ಅಳತೆಯನ್ನು ಗದ್ದಲದಲ್ಲಿ ಫೋನಿನಲ್ಲಿ ಕೇಳಿಸಿಕೊಂಡಿರಬೇಕು, ಅಗಲದ ಪಾಲೂ ಎತ್ತರಕ್ಕೇ ಸಂದಿದೆ. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಗೇಣಿಗೂ ಕಡಿಮೆ. ಹಾಗಾಗಿ ಷಡ್ಡಕ ಪ್ರತಿ ಉಬ್ಬನ್ನೂ ಏಡಿಯಂತೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಾನೆ. ಮೊದಲ ದಿನ ಐದು ಜನ ಕೂತಿದ್ದೆವು, ಕೆಳಗೆ ‘ಕರ್’ ಎಂದಿತು. ಆಮೇಲೆ ಎಂಬತ್ತರ ಹತ್ತಿರದ ಮಾವನವರು ಉಬ್ಬು ಬಂದಾಗಲೆಲ್ಲ ಇಳಿದು, ನಡೆದು ದಾಟಿ, ಆಚೆ ಬದಿಯಲ್ಲಿ ಮತ್ತೆ ಹತ್ತತೊಡಗಿದರು. ಅವರದೇನೂ ದೂರಿಲ್ಲ. ದಿನಕ್ಕೆ ಅಷ್ಟು ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ.

ಕಂಪನಿಗಳು ಈ ಕಾರುಗಳನ್ನು ಮಾರುವುದು ಒಂದು ಅಂಕಿಯ ಮೇಲೆ. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು? ಮೇಲೆ ಹೇಳಿದ ಉದ್ದನೆಯ 3 ಸೀರೀಸ್, ಅಂದರೆ 258 ಅಶ್ವಶಕ್ತಿಯ 330ಎಲ್ಐ, 6.2 ಸೆಕೆಂಡಿನಲ್ಲಿ ಮುಟ್ಟುತ್ತದೆ. ಷಡ್ಡಕನದೂ ಅದರ ಆಸುಪಾಸು. ಇನ್ನೊಂದು ಅಂಕಿ ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯದು. 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಹಿಡಿಯಿತು ಎಂದು ಅದು ಲೆಕ್ಕ ಕೊಟ್ಟಿದೆ. ಗಂಟೆಗೆ ಹದಿನೇಳೂವರೆ ಕಿ.ಮೀ. ಆಯಿತು. ಮಳೆ ಬಂದ ಸಂಜೆಯ ಲೆಕ್ಕವನ್ನು ಶೀರ್ಷಿಕೆಯಲ್ಲೇ ಕೊಟ್ಟಿದ್ದೇನೆ.

ಒಂದು ಸೋಮವಾರ ಸಿಲ್ಕ್ ಬೋರ್ಡಿನಲ್ಲಿ ಅವನ ಪಕ್ಕ ಕೂತಿದ್ದೆ. ಕಾರಿನ ಸುತ್ತ ಸೆನ್ಸರುಗಳಿವೆ, ಏನಾದರೂ ತೀರಾ ಹತ್ತಿರ ಬಂದರೆ ಕೀಂ ಕೀಂ ಎನ್ನುತ್ತವೆ. ಎಡಕ್ಕೆ ಬೆನ್ನ ಮೇಲೆ ಊಟದ ಚೀಲ ಹೊತ್ತ ಹುಡುಗನ ಬೈಕು, ಬಲಕ್ಕೆ ನೀರಿನ ಟ್ಯಾಂಕರ್, ಹಿಂದೆ ಬಿಎಂಟಿಸಿ ಬಸ್ಸು, ಮುಂದೆ ಆಟೊ. ಕಾರು ಹೆರಿಗೆ ವಾರ್ಡಿನಂತೆ ಕಿರುಚತೊಡಗಿತು. ಷಡ್ಡಕ ಸೆನ್ಸರ್ ಆರಿಸಿದ. ಅಷ್ಟರಲ್ಲಿ ಇಂಧನ ಉಳಿಸಲೆಂದು ಇಂಜಿನ್ನೇ ತಾನಾಗಿ ಆರಿಹೋಯಿತು. ನಿಶ್ಶಬ್ದದಲ್ಲಿ ಆಟೊದವರು ತಿರುಗಿ ನೋಡಿದರು.

‘ಸಾರ್, ಚೆನ್ನಾಗಿದೆ ಗಾಡಿ. ಎಷ್ಟು ಕೊಡುತ್ತದೆ?’

‘ಆರು ಸೆಕೆಂಡಿಗೆ ನೂರು,’ ಎಂದ ಷಡ್ಡಕ.

‘ಅದಲ್ಲ ಸಾರ್, ಲೀಟರಿಗೆ.’

‘ಊರೊಳಗೆ ಏಳೆಂಟು.’

ಆಟೊದವರು ಮಾತನಾಡಲಿಲ್ಲ. ಸಾವಿನ ಮನೆಗೆ ಬಂದವರು ಮುಖ ಮಾಡುವಂತೆ ಮಾಡಿ, ‘ಇರಲಿ ಬಿಡಿ ಸಾರ್, ಅಷ್ಟಾದರೂ ಕೊಡುತ್ತದಲ್ಲ,’ ಎಂದು ಸಮಾಧಾನ ಹೇಳಿ, ಟ್ಯಾಂಕರಿನ ಪಕ್ಕದ ಕಿಂಡಿಯಲ್ಲಿ ನುಸುಳಿ ಮಾಯವಾದರು. ತಲೆಯ ಮೇಲೆ ಹಳದಿ ಮಾರ್ಗದ ಮೆಟ್ರೊ ಹೋಯಿತು. 2025ರ ಆಗಸ್ಟಿನಲ್ಲಿ ಶುರುವಾದದ್ದು, ಆಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 60 ರೂಪಾಯಿ. ಷಡ್ಡಕ ಸನ್‌ರೂಫಿನಿಂದ ಅದನ್ನು ನೋಡಿದ. ಅಲ್ಲಿಯವರೆಗೆ ಆ ಸನ್‌ರೂಫ್ ಏಕಿದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡೇ ತಿಂಗಳಿಗೆ ಅವನು ಡ್ರೈವರ್ ಇಟ್ಟ. ಎಂಟು ಗೇರಿನ ಕಾರಿನಲ್ಲಿ ಮೂರರಾಚೆಯವು ಹೇಗಿರುತ್ತವೆ ಎಂದು ಆ ಪುಣ್ಯಾತ್ಮನಿಗೂ ತಿಳಿದಂತಿಲ್ಲ.

ಆದರೂ ಈ ಕಾರಿನ ಮೋಹ ಪೂರ್ತಿ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆಗೋ ಮೈಸೂರಿನ ಕಡೆಗೋ ಇಂಥ ಕಾರುಗಳು ಹೊರಡುತ್ತವೆ. ಡ್ರೈವರಿಗೆ ಅಂದು ರಜೆ. ಹಾಗೊಮ್ಮೆ ದಶಪಥದ ಟೋಲಿನಲ್ಲಿ ನಿಂತಿದ್ದೆವು. ಹಿಂದೆ ಮಾವನವರು. ಅಡ್ಡಗಂಬ ಮೇಲೆದ್ದಿತು. ‘ಭಾವ, ಹಿಡಿದುಕೊಳ್ಳಿ,’ ಎಂದ ಷಡ್ಡಕ. ಬೆನ್ನು ಸೀಟಿಗೆ ಅಂಟಿತು. ಜಾತ್ರೆಯ ತೊಟ್ಟಿಲು ಮೇಲಿಂದ ಇಳಿಯುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಅದು. ಶಬ್ದ ಗುಡುಗಲಿಲ್ಲ, ಪಳಗಿದ ನಾಗಸ್ವರದವರು ಒಂದೇ ಉಸಿರಿನಲ್ಲಿ ಮೇಲಿನ ಸ್ವರಕ್ಕೆ ಹೋದಂತೆ ಏರಿತು. ಐವತ್ತಾರು ವರ್ಷದ ನಾನು, ಸಕ್ಕರೆ ಕಾಯಿಲೆಯ ಮಾತ್ರೆ ಜೇಬಿನಲ್ಲಿಟ್ಟುಕೊಂಡು, ಬಾಯಿಬಿಟ್ಟು ನಕ್ಕೆ. ಹಿಂದಿನಿಂದ ಮಾವನವರೂ ನಕ್ಕಂತೆ ಕೇಳಿಸಿತು.

ಮುಳ್ಳು ನೂರಕ್ಕೆ ಬಂತು, ಷಡ್ಡಕ ಕಾಲು ತೆಗೆದ. ಆ ರಸ್ತೆಯಲ್ಲಿ ಮಿತಿಯೇ ಗಂಟೆಗೆ 100 ಕಿ.ಮೀ., ಕಾಯಲು ಕ್ಯಾಮೆರಾಗಳಿವೆ. 250ರವರೆಗೆ ಓಡಬಲ್ಲ ಯಂತ್ರದ ಕಾನೂನುಬದ್ಧ ಸುಖ ಆರು ಚಿಲ್ಲರೆ ಸೆಕೆಂಡಿಗೆ ಮುಗಿಯಿತು. ಸೆಕೆಂಡಿಗೆ ಹತ್ತು ಲಕ್ಷ ಬಿತ್ತು ಎಂದು ನಾನು ಮನಸ್ಸಿನಲ್ಲೇ ಭಾಗಿಸುತ್ತಿದ್ದಾಗ ಹಳದಿ ಬೋರ್ಡಿನ ಹಳೆಯ ಟ್ಯಾಕ್ಸಿಯೊಂದು ಕಿಟಕಿ ತೆರೆದುಕೊಂಡು, ಕ್ಯಾಮೆರಾಕ್ಕೂ ಕ್ಯಾರೇ ಎನ್ನದೆ ನಮ್ಮನ್ನು ದಾಟಿಹೋಯಿತು. ದಶಪಥ ಬಿಡದಿಯ ಪೇಟೆಗೆ ಹೋಗುವುದಿಲ್ಲ, ಬಳಸಿಕೊಂಡು ಸಾಗುತ್ತದೆ. ತಟ್ಟೆ ಇಡ್ಲಿ ಬೇಕಾದರೆ ಹಳೆಯ ರಸ್ತೆಗೆ ಇಳಿಯಬೇಕು. ಇಳಿದೆವು. ಇಳಿದೊಡನೆ ಒಂದು ಉಬ್ಬು. ಮಾವನವರು ಯಾರೂ ಹೇಳದೆಯೇ ಬಾಗಿಲು ತೆರೆದರು.

ಸರ್ಕಾರಕ್ಕೆ ಕಾರಿನವರ ಸಂಕಟ ಗೊತ್ತಿಲ್ಲವೆಂದಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಸುಮಾರು 17 ಕಿ.ಮೀ. ಸುರಂಗ ಕೊರೆಯುವ ಯೋಜನೆ ಸಿದ್ಧವಾಗಿದೆ, ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಈಜಿಪುರದ ಎರಡೂವರೆ ಕಿ.ಮೀ. ಮೇಲ್ಸೇತುವೆಯ ಕೆಲಸ 2017ರಲ್ಲಿ ಶುರುವಾಯಿತು. ಮರುವರ್ಷ ಪ್ಯಾರಿಸ್ಸಿನಲ್ಲಿ 3 ಸೀರೀಸಿನ ಹೊಸ ಪೀಳಿಗೆಯನ್ನು ತೋರಿಸಿದರು. ಆ ಪೀಳಿಗೆ ಬೆಳೆದು, ಮುಖ ತಿದ್ದಿಸಿಕೊಂಡು, ಹಳತಾಗುತ್ತ ಬರುವಾಗಲೂ ಈಜಿಪುರದ ಕಂಬಗಳು ತಮ್ಮ ಮೇಲೆ ಓಡಬೇಕಾದ ಕಾರುಗಳ ದಾರಿ ಕಾಯುತ್ತಿದ್ದವು. ಸುರಂಗದಲ್ಲಿ ಓಡುವುದು ಎಷ್ಟನೆಯ ಪೀಳಿಗೆಯೋ.

ಈಗ ಷಡ್ಡಕ ಕಚೇರಿಗೆ ಮೆಟ್ರೊದಲ್ಲಿ ಹೋಗುತ್ತಾನೆ. ಕಾರು ಅಪಾರ್ಟ್‌ಮೆಂಟಿನ ಕೆಳಗೆ ಹೊದಿಕೆ ಹೊದ್ದು ಮಲಗಿರುತ್ತದೆ. ಕಳೆದ ಶನಿವಾರ ಹೋದಾಗ ಅವನು ಅದರೊಳಗೆ ಕೂತಿದ್ದ, ಸ್ಪೋರ್ಟ್ಸ್ ಮೋಡ್ ಹಾಕಿ. ಪರದೆ ಕೆಂಪಗಿತ್ತು. ‘ಕೂತುಕೊಳ್ಳಿ ಭಾವ, ಕೇಳಿ,’ ಎಂದು ಆಕ್ಸಿಲರೇಟರ್ ಒತ್ತಿದ. ನಾಗಸ್ವರ ಏರಿತು. ಆ ಶಬ್ದದಲ್ಲಿ ಒಂದು ಪಾಲು ಸ್ಪೀಕರಿನಿಂದ ಬರುತ್ತದೆ ಎಂದು ನಾನು ಎಲ್ಲೋ ಓದಿದ್ದೆ, ಹೇಳಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ ಕೇಳಿದೆವು.

ಯಾರೋ ಗಾಜು ತಟ್ಟಿದರು. ವಾಚ್‌ಮನ್.

‘ಸಾರ್, ಟ್ಯಾಂಕರ್ ಬಂದಿದೆ. ನಿಮ್ಮ ಚಕ್ರ ಸಂಪಿನ ಮುಚ್ಚಳದ ಮೇಲಿದೆ. ಒಂದು ಆರಡಿ ಹಿಂದಕ್ಕೆ ತೆಗೆಯುತ್ತೀರಾ?’

ಷಡ್ಡಕ ಸೀಟ್ ಬೆಲ್ಟ್ ಹಾಕಿಕೊಂಡ.